ಸ್ಯಾನ್ ಆಂಡ್ರಿಯಾಸ್: ಕೆಂಪು ಬಸ್ಸು ಬೆಳ್ಳಗೆ ಬರ್ತಿದೆ, ರಸ್ತೆ ಮಾಯ!

ಹಾಸನದ_ಹುಡುಗ: ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮಿಗೆ ಕೆಎಸ್ಆರ್‌ಟಿಸಿ ಬಸ್ಸಿನ ಮಾಡ್ (ಗೇಮನ್ನು ಬದಲಿಸೋ ಹೊರಗಿನ ಫೈಲುಗಳು) ಪ್ಯಾಕ್ ಹಾಕಿದೆ. ಬಸ್ಸು ಬರುತ್ತದೆ, ಆದರೆ ಪೂರ್ತಿ ಬಿಳಿ. ಸ್ವಲ್ಪ ದೂರ ಹೋದರೆ ರಸ್ತೆಯೇ ಕಾಣಲ್ಲ, ಬಸ್ಸು ಗಾಳಿಯಲ್ಲಿ ಓಡುತ್ತದೆ. ಎಲ್ಲ ಸರಿಯಾಗೇ ಮಾಡಿದ್ದೇನೆ. ತಲೆ ಕೆಟ್ಟುಹೋಗಿದೆ, ಯಾರಾದರೂ ಹೇಳಿ.

ಹಳೆಗೇಮರ್: ಗೇಮ್ ಶುರು ಮಾಡೋ ಎಕ್ಸಿಇ ಫೈಲ್ 1.0 ಆವೃತ್ತಿ ತಾನೇ? ಹೊಸ ಆವೃತ್ತಿಯಾದರೆ ಅರ್ಧ ಮಾಡ್ ಕೆಲಸ ಮಾಡಲ್ಲ. ಮೊದಲು 1.0ಗೆ ಇಳಿಸಿ.

ಹಾಸನದ_ಹುಡುಗ: 1.0ನೇ. ಮಾಡ್‌ಗಳನ್ನು ಗೇಮಿಗೆ ಸೇರಿಸೋ ಮಾಡ್‌ಲೋಡರ್ ಕೂಡ ಓಡ್ತಿದೆ.

ಹಳೆಗೇಮರ್: ಎಲ್ಲರೂ ಹಾಗೇ ಹೇಳ್ತಾರೆ. ಪ್ರೋಗ್ರಾಂ ಫೈಲ್ಸ್ ಒಳಗಿದ್ದರೆ ಗೇಮನ್ನು ಬೇರೆ ಡ್ರೈವ್‌ಗೆ ಹಾಕಿ. ಎಕ್ಸಿಇ ಇನ್ನೊಂದ್ಸಲ ನೋಡಿ.

ರಾಜಹಂಸ_ಫ್ಯಾನ್: ಗೇಮಿನ ಯಾವ ಗಾಡಿಯ ಜಾಗಕ್ಕೆ ಹಾಕಿದ್ದು? ಗಾಡಿ ನಂಬರ್ 431 ಬಸ್, 437 ಕೋಚ್. ಉದ್ದದ ಗಾಡಿಗೆ ಕೋಚೇ ಸರಿ.

ಪಿಕ್ಸೆಲ್_ಪಾಪಣ್ಣ: ಸಾದಾ ಕೆಂಪು ಬಸ್ಸಿಗೆ ಕೋಚ್ ಯಾಕೆ ಸ್ವಾಮಿ? ಐರಾವತ ಆದರೆ ಕೋಚ್.

ರಾಜಹಂಸ_ಫ್ಯಾನ್: ಐರಾವತದ ಮಾತು ಯಾರು ಎತ್ತಿದರು ಈಗ?

ಪಿಕ್ಸೆಲ್_ಪಾಪಣ್ಣ: ಸರಿ ಬಿಡಿ. ಹುಡುಗ, ಬಿಳಿ ಅಂದರೆ ಟೆಕ್ಸ್‌ಚರ್ (ಮಾಡೆಲ್ ಮೇಲೆ ಹೊದಿಸೋ ಬಣ್ಣದ ಚಿತ್ರ) ಲೋಡ್ ಆಗ್ತಿಲ್ಲ. ಗಾಡಿಯ ಆಕಾರ ಇರೋ ಡಿಎಫ್ಎಫ್ ಫೈಲ್ ಜೊತೆ ಅದೇ ಹೆಸರಿನ, ಟೆಕ್ಸ್‌ಚರ್ ಇರೋ ಟಿಎಕ್ಸ್‌ಡಿ ಫೈಲ್ ಇದೆಯಾ? ಅದರ ಸೈಜ್ ಎಷ್ಟು?

ಹಾಸನದ_ಹುಡುಗ: ಇದೆ. 85 ಎಂಬಿ. ಸೈಜಿಗೂ ಇದಕ್ಕೂ ಏನು ಸಂಬಂಧ? 4ಕೆ ಪ್ಯಾಕ್ ಅದು, ಚಿತ್ರ 4096 × 4096 ಪಿಕ್ಸೆಲ್. ನನ್ನ ಗ್ರಾಫಿಕ್ಸ್ ಕಾರ್ಡ್ 12 ಜಿಬಿ.

ಪಿಕ್ಸೆಲ್_ಪಾಪಣ್ಣ: ಸಿಕ್ತು ನೋಡಿ! ಇದನ್ನು ಮೊದಲೇ ಹೇಳಬಾರದಾ? ಕಾರ್ಡ್ ಎಷ್ಟಿದ್ದರೂ ಈ ಗೇಮ್ ಮಾಡೆಲ್, ಟೆಕ್ಸ್‌ಚರ್ ಎಲ್ಲ ಸೇರಿ 50 ಎಂಬಿ ಸ್ಟ್ರೀಮಿಂಗ್ ಮೆಮೊರಿಯಲ್ಲಿ (ಸುತ್ತಲಿನದನ್ನು ಆಡ್ತಾ ಆಡ್ತಾ ಲೋಡ್ ಮಾಡೋ ಜಾಗ) ಓಡುತ್ತದೆ. 2005ರಲ್ಲಿ ಪಿಸಿಗೆ ಬಂದಾಗ 256 ಎಂಬಿ ರ್‍ಯಾಮ್ ಇದ್ದರೆ ಸಾಕಿತ್ತು. ಕಂಪ್ರೆಸ್ ಮಾಡದ 4096 × 4096 ಚಿತ್ರ ಒಂದೇ 64 ಎಂಬಿ, ಮಿಪ್‌ಮ್ಯಾಪ್ (ದೂರದಿಂದ ನೋಡೋಕೆ ಅದರದೇ ಚಿಕ್ಕ ಪ್ರತಿಗಳು) ಸೇರಿದರೆ ನಿಮ್ಮ 85. ನಿಮ್ಮ ಬಸ್ಸೊಂದಕ್ಕೇ ಜಾಗ ಸಾಲಲ್ಲ, ಇನ್ನು ರಸ್ತೆಗೆಲ್ಲಿ? ಟಿಎಕ್ಸ್‌ಡಿ ತಿದ್ದೋ ಮ್ಯಾಜಿಕ್ ಟಿಎಕ್ಸ್‌ಡಿ ಪ್ರೋಗ್ರಾಂನಲ್ಲಿ ತೆಗೆದು 1024 × 1024ಕ್ಕೆ ಇಳಿಸಿ, ಡಿಎಕ್ಸ್‌ಟಿ1 ಅನ್ನೋ ಕಂಪ್ರೆಷನ್ ಮಾಡಿ. ಒಂದು ಎಂಬಿಯೂ ದಾಟಲ್ಲ. ಗಾಜಿಗೆ ಮಾತ್ರ ಡಿಎಕ್ಸ್‌ಟಿ5, ಇಲ್ಲಾಂದರೆ ಪಾರದರ್ಶಕತೆ ಹಾಳಾಗುತ್ತೆ.

ಹಳೆಗೇಮರ್: ಅಷ್ಟೆಲ್ಲ ಯಾಕೆ? ಗೇಮಿನ ಮಿತಿ ಹೆಚ್ಚಿಸೋ ಲಿಮಿಟ್ ಅಡ್ಜಸ್ಟರ್ ಹಾಕಿ ಮೆಮೊರಿ 2000 ಎಂಬಿ ಮಾಡಿ ಅಂತ ಹೇಳಿದರೆ ಆಯ್ತಲ್ವಾ?

ಪಿಕ್ಸೆಲ್_ಪಾಪಣ್ಣ: 32 ಬಿಟ್ ಗೇಮಿಗೆ ಸಾಮಾನ್ಯವಾಗಿ ಸಿಗೋದೇ 2 ಜಿಬಿ. ಅಷ್ಟೂ ಸ್ಟ್ರೀಮಿಂಗ್‌ಗೇ ಕೊಟ್ಟರೆ ಗೇಮ್ ಕ್ರ್ಯಾಶ್ ಗ್ಯಾರಂಟಿ. ಅಡ್ಜಸ್ಟರ್ ಹಾಕಿ, 512 ಸಾಕು. ಆದರೆ ಟೆಕ್ಸ್‌ಚರ್ ಇಳಿಸದೆ ಬರೀ ಅದನ್ನೇ ನಂಬಬೇಡಿ. ನಾಳೆ ಇನ್ನೊಂದು 4ಕೆ ಲಾರಿ ಹಾಕ್ತೀರಿ, ಮತ್ತೆ ಇದೇ ಕತೆ.

ಹಾಸನದ_ಹುಡುಗ: ಇಳಿಸಿದೆ. ಬಸ್ಸು ಕೆಂಪಗಾಯ್ತು, ರಸ್ತೆನೂ ಬಂತು! ಬೋರ್ಡಿನ ಅಕ್ಷರ ಸ್ವಲ್ಪ ಮಸುಕು, ಪರವಾಗಿಲ್ಲ. ಆದರೆ ರಾತ್ರಿ ಹೆಡ್‌ಲೈಟ್ ಬೆಳಕು ಬಸ್ಸಿನ ಹೊಟ್ಟೆಯೊಳಗಿಂದ ಬರ್ತಿದೆ.

ಪಿಕ್ಸೆಲ್_ಪಾಪಣ್ಣ: ಡಿಎಫ್ಎಫ್ ಒಳಗಿನ ಹೆಡ್‌ಲೈಟ್ ಡಮ್ಮಿ (ಬೆಳಕು ಎಲ್ಲಿಂದ ಬರಬೇಕು ಅನ್ನೋ ಗುರುತು) ಜಾಗ ತಪ್ಪಿದೆ. ಬ್ಲೆಂಡರ್ ಅನ್ನೋ 3ಡಿ ಪ್ರೋಗ್ರಾಂನಲ್ಲಿ ತೆಗೆದು ಮುಂದಕ್ಕೆ ಎಳೆಯಬೇಕು. ಅದಕ್ಕೆ ಬೇರೆ ಥ್ರೆಡ್ ಹಾಕಿ.

ಹಳೆಗೇಮರ್: ನಾನಿನ್ನೂ ಎಕ್ಸ್‌ಪಿ ಮೆಷಿನ್‌ನಲ್ಲೇ ಆಡೋದು, 17 ಇಂಚ್ ಸಿಆರ್‌ಟಿ. ಫೋಟೊ ಹಾಕ್ಲಾ?

ರಾಜಹಂಸ_ಫ್ಯಾನ್: ಹಾಕಿ ಹಾಕಿ. ಯಾವ ಕಾರ್ಡು?