ಪದವೆಲ್ಲ ಸ್ಪಷ್ಟ, ವಾಕ್ಯಕ್ಕೆ ಮಾತ್ರ ಎರಡು ಅರ್ಥ: ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

‘ಐ ಸಾ ದ ಮ್ಯಾನ್ ವಿತ್ ದ ಟೆಲಿಸ್ಕೋಪ್’. ಈ ಇಂಗ್ಲಿಷ್ ವಾಕ್ಯದಲ್ಲಿ ತಿಳಿಯದ ಪದ ಒಂದೂ ಇಲ್ಲ. ಆದರೂ ದುರ್ಬೀನು ನೋಡಿದವನ ಬಳಿ ಇತ್ತೋ, ಕಣ್ಣಿಗೆ ಬಿದ್ದವನ ಬಳಿ ಇತ್ತೋ ಹೇಳಲಾಗದು. ‘ವಿತ್’ ಭಾಗ ಕ್ರಿಯಾಪದಕ್ಕೂ ಸೇರಬಹುದು, ‘ಮ್ಯಾನ್’ಗೂ ಸೇರಬಹುದು.

ಅನುಮಾನ ಬಂದಾಗ ನಾನು ‘ಹಿಮ್’ (ಅವನನ್ನು) ಎಂಬ ಸರ್ವನಾಮ ಹಾಕಿ ನೋಡುತ್ತೇನೆ. ‘ದ ಮ್ಯಾನ್’ ಇದ್ದಲ್ಲಿ ಮಾತ್ರ ‘ಹಿಮ್’ ಹಾಕಿದರೆ ದುರ್ಬೀನು ನೋಡಿದವನ ಕಡೆ ವಾಲುತ್ತದೆ. ‘ದ ಮ್ಯಾನ್ ವಿತ್ ದ ಟೆಲಿಸ್ಕೋಪ್’ ಇಡಿಯಾಗಿ ‘ಹಿಮ್’ ಆದರೆ ದುರ್ಬೀನು ಕಣ್ಣಿಗೆ ಬಿದ್ದವನದು. ಎರಡಕ್ಕೂ ವಾಕ್ಯ ಒಗ್ಗಿದರೆ ಅಲ್ಲಿ ಎರಡು ರಚನೆಗಳಿವೆ ಎಂದೇ ಅರ್ಥ. ‘ಫ್ಲೈಯಿಂಗ್ ಪ್ಲೇನ್ಸ್ ಕ್ಯಾನ್ ಬಿ ಡೇಂಜರಸ್’ ಎಂಬಲ್ಲಿ ‘ಕ್ಯಾನ್’ ಏಕವಚನವೋ ಬಹುವಚನವೋ ಎಂಬುದನ್ನು ಮರೆಮಾಡಿದೆ. ‘ಕ್ಯಾನ್ ಬಿ’ ಬದಲು ‘ಈಸ್’ ಬಂದರೆ ವಿಮಾನ ಹಾರಿಸುವುದು ಅಪಾಯಕಾರಿ, ‘ಆರ್’ ಬಂದರೆ ಹಾರುವ ವಿಮಾನಗಳು.

1957ರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ನಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ‘ದ ಶೂಟಿಂಗ್ ಆಫ್ ದ ಹಂಟರ್ಸ್’ ಎಂಬ ಉದಾಹರಣೆ ಕೊಡುತ್ತಾರೆ. ಗುಂಡು ಹಾರಿಸಿದವರು ಬೇಟೆಗಾರರೋ, ಗುಂಡು ತಿಂದವರು ಬೇಟೆಗಾರರೋ? ನಮ್ಮ ‘ಹುಲಿ ಕೊಂದ ಬೇಟೆಗಾರ’ನದೂ ಇದೇ ಪಾಡು. ‘ಹುಲಿಯನ್ನು’ ಎಂದರೆ ಸತ್ತದ್ದು ಹುಲಿ, ‘ಹುಲಿಯು’ ಎಂದರೆ ಸತ್ತವನು ಬೇಟೆಗಾರ. ಗ್ರಾಂಥಿಕವೆಂದು ನಾವು ಕೈಬಿಡುವ ಆ ‘ಯು’ ಇಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ!

‘ಓಲ್ಡ್ ಮೆನ್ ಅಂಡ್ ವಿಮೆನ್’ ಇನ್ನೂ ತೊಡಕಿನದು. ‘ವಯಸ್ಸಾದ ಗಂಡಸರು ಮತ್ತು ಹೆಂಗಸರು’ ಎಂದು ಅನುವಾದಿಸಿದರೆ ಗೊಂದಲವೂ ಹಾಗೆಯೇ ಕನ್ನಡಕ್ಕೆ ಬಂದುಬಿಡುತ್ತದೆ. ಸಹಾಯಧನದ ಸುತ್ತೋಲೆಯಲ್ಲಿ ಹೀಗೆ ಬರೆದರೆ ಚಿಕ್ಕ ವಯಸ್ಸಿನ ಹೆಂಗಸರಿಗೆ ಹಣ ಉಂಟೋ ಇಲ್ಲವೋ? ಇಂಥ ಕಡೆ ಅನುವಾದಕರು ತಾವೇ ಊಹಿಸಕೂಡದು, ಮೂಲ ಬರೆದವರನ್ನು ಕೇಳಲೇಬೇಕು.

ಈಗ ನನ್ನ ಪ್ರಶ್ನೆ: ವಾಕ್ಯರಚನೆಯಿಂದ ಹುಟ್ಟುವ ಈ ಎರಡರ್ಥಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಶ್ಲೇಷೆ’ ಇದಕ್ಕೆ ಹೊಂದದು, ಅದು ಕವಿ ಬೇಕೆಂದೇ ಹೂಡುವಂಥದ್ದು. ‘ದ್ವಂದ್ವಾರ್ಥ’ ಎಂದೊಡನೆ ಅಶ್ಲೀಲ ಸಂಭಾಷಣೆ ನೆನಪಾಗುತ್ತದೆ. ‘ಸಂದಿಗ್ಧತೆ’ಯಲ್ಲಿ ಪದದ ತೊಡಕು ಯಾವುದು, ರಚನೆಯದು ಯಾವುದು ಎಂದು ತಿಳಿಯುವುದಿಲ್ಲ. ಹಳಗನ್ನಡ ಪದ್ಯ ಓದುವಾಗ ಯಾವ ಪದ ಯಾವುದಕ್ಕೆ ಸೇರುತ್ತದೆಂದು ‘ಅನ್ವಯ’ ಮಾಡುತ್ತೇವಲ್ಲ, ಅದರಿಂದ ‘ಅನ್ವಯ ಸಂದಿಗ್ಧತೆ’ ಎನ್ನಬಹುದೆಂದು ನನಗೆ ತೋರುತ್ತದೆ. ಆದರೆ ಇಂದಿನ ಓದುಗರಿಗೆ ‘ಅನ್ವಯ’ ಎಂದರೆ ‘ನಿಯಮ ಅನ್ವಯಿಸುತ್ತದೆ’ ಎಂಬ ಬಳಕೆಯೇ ಮೊದಲು ಹೊಳೆಯುತ್ತದೆ. ಅದು ಅಡ್ಡಬಂದೀತೇ? ‘ರಚನಾ ಸಂದಿಗ್ಧತೆ’ಯೇ ಮೇಲೇ? ಪಾಠ ಮಾಡುವವರು, ಅನುವಾದದಲ್ಲಿ ತೊಡಗಿರುವವರು ಬಳಸುವ ಪದ ಬೇರೆ ಇದ್ದರೆ ದಯವಿಟ್ಟು ತಿಳಿಸಿ.