ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿದೆ, ಘಟ್ಟ ಇಳಿಯಲು ಧೈರ್ಯ ಸಾಲದು

ಕೊಟ್ಟಿಗೆಹಾರ:
ಮಳೆಗಾಲ ಮುಗಿದ ಮೇಲೆ ನನ್ನ ಕಾರಿನ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿದೆ. ಚಿಕ್ಕಮಗಳೂರು ಪೇಟೆಯೊಳಗೆ ಓಡಾಡುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಚಾರ್ಮಾಡಿ ಘಟ್ಟದಲ್ಲಿ ನಾಲ್ಕಾರು ತಿರುವು ಇಳಿಯುತ್ತಲೇ ಎರಡೂ ಕಾಲು ಕೊಟ್ಟು ಒತ್ತಿದರೂ ಕಾರು ನಿಲ್ಲಲು ಒಪ್ಪುವುದಿಲ್ಲ. ಪ್ಯಾಡ್ ಹೊಸದು, ಡಿಸ್ಕ್ ಸರಿಯಿದೆ. ಗ್ಯಾರೇಜಿನವರು ಪೇಟೆಯಲ್ಲೇ ಒಂದು ಸುತ್ತು ಓಡಿಸಿ, ದೋಷವೇನೂ ಇಲ್ಲವೆಂದು ಬಿಲ್ಲು ಕೈಗಿತ್ತರು. ದಯವಿಟ್ಟು ಬಲ್ಲವರು ತಿಳಿಸಿ.

ಹಳೇ ಪಿಸ್ಟನ್, ಹಾಸನ:
ಬ್ರೇಕ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು? ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಂತೂ ಕೇಳುವುದೇ ಬೇಡ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ತಾಳುತ್ತದೆ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಪೂರ್ತಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯದನ್ನು ಗಾಳಿಸಮೇತ ಹೊರತೆಗೆಸಿ ಹೊಸದು ತುಂಬಿಸಿ, ಮಿಕ್ಕದ್ದು ಆಮೇಲೆ ನೋಡೋಣ.

ಬೇಲೂರು ರಸ್ತೆ:
ಅಂಕಿಗಳು ಸರಿ, ಆದರೆ ಲಕ್ಷಣ ಹೊಂದುತ್ತಿಲ್ಲ. ಆಯಿಲ್ ಕುದಿದರೆ ಅಥವಾ ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಗಟ್ಟಿಯಾಯಿತೆಂದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಮತ್ತು ಅದು ಕೆಲಸ ಮಾಡಲು ಬೇಕಾದ ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಉಂಟುಮಾಡುವ ನಿರ್ವಾತ. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಕಾಲನ್ನು ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಜಾರಬೇಕು. ಅಂದಹಾಗೆ, ಕಾರು ಪೆಟ್ರೋಲೋ ಡೀಸೆಲೋ?

ಕೊಟ್ಟಿಗೆಹಾರ:
ಬೆಳಿಗ್ಗೆ ಮನೆಯಂಗಳದಲ್ಲೇ ನೋಡಿದೆ, ಪೆಡಲ್ ಚೆನ್ನಾಗಿಯೇ ಇಳಿಯಿತು. ಅಂದರೆ ಬೂಸ್ಟರ್ ಸರಿಯಿದೆ ಎಂದಾಯಿತಲ್ಲ. ಮುಂದೇನು?

ಹಳೇ ಪಿಸ್ಟನ್, ಹಾಸನ:
ನೋಡಿದಿರಾ? ಬೂಸ್ಟರ್ ಸರಿಯಿದ್ದರೆ ಉಳಿಯುವುದು ಆಯಿಲ್ ಒಂದೇ.

ಸಕಲೇಶಪುರ:
ನಾನು ನನ್ನ ಪೆಟ್ರೋಲ್ ಕಾರಿನ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಜೋಡಿಸಿಕೊಂಡಿದ್ದೇನೆ, ಒಂದನ್ನು ನೀವೂ ಹಾಕಿಸಿಕೊಳ್ಳಿ. ಒಂದೇ ಎಚ್ಚರಿಕೆ: ಪುಸ್ತಕದಲ್ಲಿರುವ 18ರಿಂದ 22 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದಂತೆ ಸುಮಾರು ಒಂದಿಂಚು ಕಡಿಮೆಯಾಗುವುದರಿಂದ, ಚಿಕ್ಕಮಗಳೂರಿನಲ್ಲಿ ಮೂರಿಂಚು ಕಡಿಮೆ ತೋರಿಸಿತೆಂದು ಯಾರೂ ಗಾಬರಿಯಾಗಬೇಕಿಲ್ಲ.

ಬೇಲೂರು ರಸ್ತೆ:
ಗೇಜಿನ ಮಾತು ಇರಲಿ. ಪೆಟ್ರೋಲ್ ಕಾರು ಗೇರಿನಲ್ಲಿ ಇಳಿಜಾರು ಇಳಿಯುವಾಗ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಅತಿ ಹೆಚ್ಚಾಗಿರುತ್ತದೆ. ಅಲ್ಲಿಯೇ ಬೂಸ್ಟರ್ ಸೋಲುತ್ತಿದೆಯೆಂದರೆ ನನಗೆ ಡೀಸೆಲ್ ಎಂದೇ ಅನ್ನಿಸುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದ ಪರೀಕ್ಷೆಯಿಂದ ಬಿಸಿಯಲ್ಲಿ ಬರುವ ದೋಷ ಸಿಗುವುದಿಲ್ಲ. ಅರ್ಧ ಗಂಟೆ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿರುವಂತೆಯೇ ಪೆಡಲನ್ನು ಬೆನ್ನುಬೆನ್ನಿಗೆ ಒತ್ತಿ ನೋಡಿ. ಇತ್ತೀಚೆಗೆ ಎಂಜಿನ್ ಬಳಿ ಬೇರೆ ಏನಾದರೂ ಕೆಲಸ ನಡೆದಿದೆಯೇ?

ಕೊಟ್ಟಿಗೆಹಾರ:
ಡೀಸೆಲ್ಲೇ, ಮತ್ತೇನು, ತೋಟಕ್ಕೆ ಓಡಾಡುವವರು ಬೇರೆ ಯಾವುದನ್ನು ಕೊಳ್ಳುತ್ತಾರೆ? ನೀವು ಹೇಳಿದಂತೆ ಬಿಸಿಯಲ್ಲಿ ಒತ್ತಿದಾಗ ಮೊದಲ ಒತ್ತು ಹಗುರ, ಎರಡನೆಯದು ಬಿಗಿ, ಮೂರನೆಯದಕ್ಕೆ ಪೆಡಲ್ ಅಲ್ಲಾಡಲೇ ಇಲ್ಲ. ಮಳೆಗಾಲದ ಕೊನೆಗೆ ಆಲ್ಟರ್ನೇಟರ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆ. ಬ್ಯಾಟರಿ ಚಾರ್ಜ್ ಆಗುವುದಕ್ಕೂ ಬ್ರೇಕಿಗೂ ಏನು ಸಂಬಂಧ?

ಬೇಲೂರು ರಸ್ತೆ:
ಸಂಬಂಧ ಇರುವುದೇ ಅಲ್ಲಿ. ಸಾಮಾನ್ಯ ಡೀಸೆಲ್ ಎಂಜಿನ್ ಪೆಟ್ರೋಲಿನಂತೆ ಥ್ರಾಟಲ್ ಮುಚ್ಚಿ ವ್ಯಾಕ್ಯೂಮ್ ಉಂಟುಮಾಡುವುದಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಪಂಪ್ ಬೇಕು. ಕೆಲವು ಎಂಜಿನ್‌ಗಳಲ್ಲಿ ಅದು ಕ್ಯಾಮ್‌ಶಾಫ್ಟಿನಿಂದ ತಿರುಗುತ್ತದೆ, ಹಲವು ಹಳೆಯ ಮಾದರಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಪ್ರತಿ ಬಾರಿ ಬ್ರೇಕ್ ಒತ್ತಿದಾಗ ಬೂಸ್ಟರಿನೊಳಗೆ ಗಾಳಿ ನುಗ್ಗುತ್ತದೆ, ಪಂಪ್ ಅದನ್ನು ಮತ್ತೆ ಎಳೆದುಹಾಕಬೇಕು. ಪೇಟೆಯಲ್ಲಿ ಅದಕ್ಕೆ ಬಿಡುವು ಸಿಗುತ್ತದೆ, ಘಟ್ಟದಲ್ಲಿ ಸಿಗುವುದಿಲ್ಲ. ಪಂಪಿನಿಂದ ಬೂಸ್ಟರಿಗೆ ಹೋಗುವ ಹೋಸನ್ನು ಎಂಜಿನ್ ಬಿಸಿಯಿರುವಾಗ ಬೆಲ್ಟಿನಿಂದ ದೂರ ನಿಂತು ಟಾರ್ಚ್ ಹಾಕಿ ಗಮನಿಸಿ. ಅದು ಸರಿಯಾದ ವ್ಯಾಕ್ಯೂಮ್ ಹೋಸ್ ಹೌದೇ ಎಂದು ನೋಡಿ. ಅಲ್ಲಿಯವರೆಗೆ ಕಾರನ್ನು ಘಟ್ಟಕ್ಕೆ ಒಯ್ಯಬೇಡಿ.

ಹಳೇ ಪಿಸ್ಟನ್, ಹಾಸನ:
ಪಂಪ್ ಕೆಟ್ಟಿದ್ದರೆ ಬೆಳಿಗ್ಗೆಯೂ ಗಟ್ಟಿಯಾಗಬೇಕಿತ್ತು. ಆಯಿಲ್ ಬದಲಿಸಲು ಎಷ್ಟು ಖರ್ಚಾಗುತ್ತದೆಂದು ಇಷ್ಟು ಚರ್ಚೆ?

ಕೊಟ್ಟಿಗೆಹಾರ:
ಹೋಸ್ ನೋಡಿದೆ. ಆಲ್ಟರ್ನೇಟರ್ ಜೋಡಿಸಿದವರು ಹಳೆಯದನ್ನು ತೆಗೆದು ಅದೇ ಅಳತೆಯ ತೆಳು ರಬ್ಬರ್ ಟ್ಯೂಬ್ ಹಾಕಿದ್ದಾರೆ. ತಣ್ಣಗಿದ್ದಾಗ ದುಂಡಗೇ ಇರುತ್ತದೆ. ಬಿಸಿಯೇರಿದ ಮೇಲೆ ಬ್ರಾಕೆಟ್ ಪಕ್ಕದ ತಿರುವಿನಲ್ಲಿ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತದೆ, ಎಂಜಿನ್ ಆರಿಸಿದರೂ ಕೆಲಹೊತ್ತು ಹಾಗೆಯೇ ಇರುತ್ತದೆ. ಹಾಸನದ ಅಂಗಡಿಯಿಂದ ನೂಲಿನ ಹೆಣಿಗೆಯಿರುವ ದಪ್ಪ ಹೋಸ್ ತರಿಸಿ ಹಾಕಿಸಿದೆ. ಈಗ ಎಂಜಿನ್ ಬಿಸಿಯಿರುವಾಗ ಬೆನ್ನುಬೆನ್ನಿಗೆ ಒತ್ತಿದರೂ ಪೆಡಲ್ ಹಗುರವಾಗಿಯೇ ಇದೆ.

ಬೇಲೂರು ರಸ್ತೆ:
ಬೂಸ್ಟರಿನ ಬಾಯಲ್ಲಿರುವ ಒಮ್ಮುಖ ವಾಲ್ವನ್ನೂ ಕಳಚಿ ನೋಡಿ. ಆ ಪಂಪಿಗೆ ಎಂಜಿನ್ ಆಯಿಲಿನದೇ ಪೂರೈಕೆ; ವಾಲ್ವಿನಾಚೆ ಜಿಡ್ಡು ಕಂಡರೆ ಬೂಸ್ಟರಿನ ರಬ್ಬರ್ ಪರದೆ ಉಬ್ಬಿ ಹಾಳಾಗುತ್ತದೆ.

ಕೊಟ್ಟಿಗೆಹಾರ:
ವಾಲ್ವ್ ಒಣಗಿಯೇ ಇದೆ, ಒಂದು ಕಡೆಯಿಂದ ಮಾತ್ರ ಊದಲಾಗುತ್ತದೆ. ನಿನ್ನೆ ಉಜಿರೆಯವರೆಗೆ ಇಳಿದು ಹತ್ತಿ ಬಂದೆ, ಪೆಡಲ್ ಎಲ್ಲಿಯೂ ಬಿಗಿಯಲಿಲ್ಲ.

ಹಳೇ ಪಿಸ್ಟನ್, ಹಾಸನ:
ಸಂತೋಷ. ಡಬ್ಬಿಯಲ್ಲಿರುವ ಬ್ರೇಕ್ ಆಯಿಲ್ ಯಾವ ಬಣ್ಣಕ್ಕೆ ತಿರುಗಿದೆ?

ಕೊಟ್ಟಿಗೆಹಾರ:
ಕಡುಕಂದು. ಅದನ್ನೂ ಈ ಭಾನುವಾರ ಬದಲಿಸುತ್ತೇನೆ.