ನಾಳೆ ಸಂಜೆಯೊಳಗೆ ಅಂತ ಹೇಳಿದ್ರೆ ಕೊಡ್ಬೇಡಿ ಮಾರಾಯ್ತಿ

ಮಗಾ, ನಿನ್ನ ಮೆಸೇಜ್ ಈಗ ನೋಡಿದೆ. ಕನ್ನಡಕ ಎಲ್ಲಿಟ್ಟೆ ಗೊತ್ತಿಲ್ಲ, ಟೈಪ್ ಮಾಡ್ಲಿಕ್ಕೆ ಆಗುವುದಿಲ್ಲ, ಬಾಯಲ್ಲೇ ಹೇಳ್ತೇನೆ, ಸ್ವಲ್ಪ ಉದ್ದ ಆದೀತು. ನಿನ್ನ ಗಂಡನಿಗೆ ಹತ್ತು ತಿಂಗಳಿಂದ ಕೆಲಸ ಇಲ್ಲ, ದೇವರು ನಮ್ಮನ್ನು ಮರೆತೇ ಬಿಟ್ಟನಾ ದೊಡ್ಡಮ್ಮ ಅಂತ ಕೇಳಿದ್ದಿ. ಅದರ ಕೆಳಗೆ ಮೆಲ್ಲ ಇನ್ನೊಂದು ಸಹ ಬರ್ದಿದ್ದಿ, ಏಜೆಂಟ್ ಒಬ್ಬ ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸ್ತಾನೆ, ನಾಳೆ ಸಂಜೆಯೊಳಗೆ 1,80,000 ಕೊಡ್ಬೇಕು ಅಂತ. ನನಗೆ ಮಂಡೆಬಿಸಿ ಆದದ್ದು ಈ ಎರಡನೆಯದ್ದು ಕೇಳಿ. ಕೊಡ್ಬೇಡಿ. ಪಾಸ್‌ಪೋರ್ಟ್ ಸಹ ಅವನ ಕೈಯಲ್ಲಿ ಬಿಟ್ಟು ಬರ್ಬೇಡಿ.

ನಮ್ಮ 1996ರ ಕಥೆ ನಿಮಗೆಲ್ಲ ಗೊತ್ತುಂಟಲ್ಲ. ಹಂಚಿನ ಕಾರ್ಖಾನೆ ಬಾಗಿಲು ಹಾಕಿ, ದೊಡ್ಡಪ್ಪ ಮನೆಯಲ್ಲಿ ಕೂತು 14 ತಿಂಗಳು. ಪ್ರಾರ್ಥನೆ ಮಾಡಿ ಮಾಡಿ ಕಡೆಗೆ ನನಗೆ ದೇವರ ಮೇಲೆಯೇ ಸಿಟ್ಟು ಬಂತು. ನೀನು ಮಾಡದಿದ್ರೆ ನಾನೇ ಮಾಡ್ತೇನೆ ಅಂತ ಐದು ಪವನಿನ ಬಳೆ ಅಡವಿಟ್ಟು, ದೊಡ್ಡಪ್ಪನನ್ನು ವಿಸಿಟ್ ವೀಸಾದಲ್ಲಿ ಕಳಿಸ್ಲಿಕ್ಕೆ ಅಂತ ಏಜೆಂಟಿಗೆ ಕೊಟ್ಟೆ. ಅಲ್ಲಿ ಇಳಿದ ಮೇಲೆ ವೀಸಾ ಬದಲು ಮಾಡಿಸ್ತೇನೆ ಅಂದಿದ್ದ. ಬದಲಾಗ್ಲಿಲ್ಲ. ವಿಸಿಟ್ ವೀಸಾದಲ್ಲಿ ದುಡಿಯುವುದೇ ಅಲ್ಲಿ ಕಾನೂನಿಗೆ ವಿರೋಧ. ದುಡಿಸಿಕೊಂಡವ ಸಂಬಳ ಕೊಡದಿದ್ರೆ ಕೇಳ್ಲಿಕ್ಕೆ ಕೈಯಲ್ಲಿ ಕಾಗದ ಇಲ್ಲ, ದೂರು ಕೊಡ್ಲಿಕ್ಕೆ ಹೋದ್ರೆ ಮೊದಲು ಸಿಕ್ಕಿಬೀಳುವವ ದುಡಿದವನೇ. ಎರಡು ತಿಂಗಳು ಪುಕ್ಕಟೆ ದುಡಿದು, ಟಿಕೆಟಿಗೆ ಸಾಲ ಮಾಡಿ ವಾಪಸ್ ಬಂದ್ರು. ಬಂದ ಮರುವಾರವೇ ಊರಲ್ಲಿ ಕೆಲಸ ಸಿಕ್ಕಿತು ಅಂತ ಚರ್ಚಿನಲ್ಲಿ ಸಾಕ್ಷಿ ಹೇಳ್ಲಿಕ್ಕೆ ಚಂದ ಇರ್ತಿತ್ತು. ಎಂತ ಸಹ ಸಿಗ್ಲಿಲ್ಲ. ಮತ್ತೆ ಒಂದೂವರೆ ವರ್ಷ ಹೋಯ್ತು, ಅದರ ಮೇಲೆ ಬಳೆಯ ಬಡ್ಡಿ.

ನಾನು ಮಾಡಿದ್ದು ಬೈಬಲಿನ ಅಬ್ರಾಮನ ಹೆಂಡತಿ ಸಾರಯಳ ಕೆಲಸ. ಮಗುವಿಗೆ ಅಂತ ಕಾನಾನಿನಲ್ಲಿ ಹತ್ತು ವರ್ಷ ಕಾದವಳು ಮತ್ತೆ ತಡೆಯದೆ ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳಲ್ಲ. ಹಾಗರಳ ಮಗ ಇಷ್ಮಾಯೇಲ ಹುಟ್ಟುವಾಗ ಅಬ್ರಾಮನಿಗೆ 86, ಸಾರಯಳದ್ದೇ ಮಗ ಇಸಾಕ ಹುಟ್ಟುವಾಗ 100. ಇವಳ ಅವಸರದಿಂದ ಆ 14 ವರ್ಷದಲ್ಲಿ ಒಂದು ದಿನ ಸಹ ಕಡಿಮೆ ಆಗ್ಲಿಲ್ಲ, ಮನೆಯೊಳಗೆ ಜಗಳ ಒಂದು ಜಾಸ್ತಿ ಆಯ್ತು. ಹಾಗರಳದ್ದು ಎಂತ ತಪ್ಪು, ಪಾಪ. ಅದಕ್ಕೆ ಹೇಳುವುದು, ನಾಳೆ ಸಂಜೆಯೊಳಗೆ ಅಂತ ಹೆದರಿಸುವವನಿಗೆ ಹಣ ಕೊಡ್ಬೇಡಿ, ಪಾಸ್‌ಪೋರ್ಟ್ ಬಿಟ್ಟು ಬರ್ಬೇಡಿ.

ಮರೆತ ಅಂತ ನಿನಗೆ ಅನ್ನಿಸಿದ್ದಕ್ಕೆ ನಾನು ಬೈಯುವುದಿಲ್ಲ. ಕೀರ್ತನೆ 13 ತೆಗೆ, ಇರುವುದೇ ಆರು ವಚನ. ಮೊದಲ ಎರಡರಲ್ಲಿ ನಾಲ್ಕು ಸಲ ಎಷ್ಟರ ವರೆಗೆ, ಎಷ್ಟರ ವರೆಗೆ ಅಂತ ಕೇಳ್ತಾನೆ ದಾವೀದ. ಭರವಸೆಯ ಮಾತು ಬರುವುದು ಐದನೆಯದ್ದರಲ್ಲಿ. ನಿನಗೆ ಒಂದನೆಯದ್ದೇ ದಾಟ್ಲಿಕ್ಕೆ ಆಗದಿದ್ರೆ ಅಲ್ಲಿಯೇ ನಿಲ್ಲು. ತೀರಾ ಬಾಯಿ ಬಾರದ ದಿನ ಕೀರ್ತನೆ 88 ಓದು. ಅದು ಕತ್ತಲೆಯಲ್ಲಿಯೇ ಮುಗಿತದೆ, ಆದ್ರೂ ಬೈಬಲಿನಿಂದ ಅದನ್ನು ಯಾರೂ ತೆಗ್ದು ಹಾಕ್ಲಿಲ್ಲ.

ನಮ್ಮವರಿಗೆ ಅಷ್ಟು ತಾಳ್ಮೆ ಇಲ್ಲ. ದೇವರ ಸಮಯ ಬರ್ತದೆ ಅಂತ ಹೇಳಿ ಕೈ ತೊಳ್ಕೊಳ್ಳುವುದು. ಆಗ ನಮ್ಮ ಮನೆಗೆ ಬಂದವರೆಲ್ಲ ಅದನ್ನೇ ಹೇಳಿ ಚಾ ಕುಡಿದು ಹೋದ್ರು, ಡಬ್ಬಿಯಲ್ಲಿ ಅಕ್ಕಿ ಉಂಟಾ ಅಂತ ಕೇಳಿದವರಿಲ್ಲ. ಸಂಬಂಧದವರೇ ಒಬ್ಬರು ಮದುವೆ ಕಾಗದ ಹಿಡ್ಕೊಂಡು ನಮ್ಮ ಗೇಟಿನ ಎದುರಿಂದಲೇ ಆಚೆ ಮನೆಗೆ ಹೋದ್ರು. ಉಡುಗೊರೆ ಕೊಡ್ಲಿಕ್ಕೆ ಇವರ ಹತ್ರ ಎಲ್ಲುಂಟು ಅಂತ ಇರ್ಬೇಕು. ಈಗ ಈ ಗ್ರೂಪಿನಲ್ಲಿ ಸಹ ನೋಡಿ, ಅವಳು ಬೆಳಿಗ್ಗೆ ಇಷ್ಟು ಬರ್ದದ್ದಕ್ಕೆ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದ್ದೀರಿ. ಫೋನ್ ಮಾಡಿದವರು ಯಾರು? ಇರ್ಲಿ, ಹೇಳಿದ್ರೆ ನಾನೇ ಜೋರು.

ಹಾಂ, ಮುಖ್ಯದ್ದೇ ಮರ್ತೆ. ಆ ಏಜೆಂಟಿನ ಲೈಸೆನ್ಸ್ ನಂಬರ್ ಕೇಳು. ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದ್ರೆ ಅವನ ಹೆಸರು ಉಂಟಾ, ಲೈಸೆನ್ಸ್ ಚಾಲ್ತಿಯಲ್ಲಿ ಉಂಟಾ ಗೊತ್ತಾಗ್ತದೆ. ನಾನು ಲೈಸೆನ್ಸ್ ಇದ್ದವರ ಸಬ್ ಏಜೆಂಟ್ ಅಂತ ಅವ ಹೇಳಿದ್ರೆ ಅಲ್ಲಿಗೇ ಬಿಡು. ಲೈಸೆನ್ಸ್ ಇದ್ದವನು ಸಹ ತಕ್ಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದ್ರೆ 30,000, ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 35,400. ಅದಕ್ಕೆ ರಶೀದಿ ಬೇಕು, ಹಣ ಬ್ಯಾಂಕಿನ ಮೂಲಕವೇ ಹೋಗ್ಬೇಕು. ವೀಸಾ ಕೆಲಸದ್ದೇ ಆಗಿರ್ಬೇಕು, ಸಂಬಳ ಬರ್ದ ಒಪ್ಪಂದ ಇಲ್ಲಿಂದ ಹೊರಡುವ ಮೊದಲೇ ಕೈಗೆ ಬರ್ಬೇಕು. ವಿಸಿಟ್ ವೀಸಾದ ಅವಧಿ ಮುಗಿದು ಅಲ್ಲಿಯೇ ಉಳಿದ್ರೆ ದಿನಕ್ಕೆ 50 ದಿರಮ್ ದಂಡ, ಅದನ್ನು ಏಜೆಂಟ್ ಕಟ್ಟುವುದಿಲ್ಲ.

ಕಾಯುವುದು ಅಂದ್ರೆ ಸುಮ್ಮನೆ ಕೂತುಕೊಳ್ಳಿ ಅಂತ ಅಲ್ಲ. ಬೈಬಲಿನ ಯೋಸೇಫನನ್ನು ಅಣ್ಣಂದಿರು ಮಾರಿದ್ದು 17ನೇ ವಯಸ್ಸಿನಲ್ಲಿ, ಐಗುಪ್ತದ ಅರಸ ಫರೋಹನ ಎದುರು ಅವ ನಿಂತದ್ದು 30ರಲ್ಲಿ, ಜೈಲಿನಲ್ಲಿ ಜೊತೆಗಿದ್ದ ಅರಸನ ಪಾನದಾಯಕ ಅವನನ್ನು ಮರೆತ ಮೇಲೆಯೇ ಎರಡು ವರ್ಷ ಪೂರ್ತಿ. ಆದ್ರೆ ನನ್ನ ವಿಷಯ ಫರೋಹನಿಗೆ ಹೇಳು ಅಂತ ಯೋಸೇಫ ಬಾಯಿಬಿಟ್ಟು ಕೇಳಿದ್ದ. ದೊಡ್ಡಪ್ಪನಿಗೆ ಕಡೆಗೆ ಕೆಲಸ ಸಿಕ್ಕಿದ್ದು ಸಹ ಮೂರು ಸಲ ಇಲ್ಲ ಅಂದವರ ಹತ್ರ ನಾಲ್ಕನೇ ಸಲ ಕೇಳಿದಾಗ. ಒಂದು ನೋಟ್‌ಬುಕ್ ಇಡ್ಲಿ ನಿನ್ನ ಗಂಡ. ದಿನಕ್ಕೆ ಒಬ್ಬರಿಗೆ ಫೋನ್, ತಾರೀಕು ಹಾಕಿ ಹೆಸರು ಬರೆಯುವುದು, 15 ದಿನ ಬಿಟ್ಟು ಅದೇ ಹೆಸರಿಗೆ ಇನ್ನೊಮ್ಮೆ.

ಶನಿವಾರ ನಾನು ಬರ್ತೇನೆ. ಹತ್ತು ಕಿಲೋ ಕುಚ್ಚಲಕ್ಕಿ ತರ್ತೇನೆ, ಬೇಡ ಅಂತ ಹೇಳ್ಬೇಡ.